ರಾಕ್ ಭಾವನ ಎರಡನೆಯ ಅಜ್ಜಿ

ಆತ್ಮ ಒಂದೇ; ಅದು ಹುಟ್ಟುವುದಿಲ್ಲ, ಸಾಯುವುದಿಲ್ಲ, ಬದಲಾಗುವುದಂತೂ ಇಲ್ಲವೇ ಇಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ಯಾರೂ ಆತ್ಮಕಥೆಯ ಕರಡು ತಿದ್ದಿದವರಲ್ಲ.

ರಾಕ್ ಭಾವನ ಎಡಗೈಯ ನಾಲ್ಕು ಬೆರಳುಗಳ ತುದಿ ಹುಣಸೆಬೀಜದ ಹಾಗಿತ್ತು: ಕಂದು, ನುಣುಪು, ಕಲ್ಲಿನಷ್ಟು ಗಟ್ಟಿ. ಗಿಟಾರಿನ ತಂತಿ ಒತ್ತಿ ಒತ್ತಿ ಆದ ಜಡ್ಡು. ಕಾವಲಿಯ ಮೇಲಿನ ದೋಸೆಯನ್ನು ಸಟ್ಟುಗ ಮುಟ್ಟದೆ ಆ ಬೆರಳುಗಳಿಂದಲೇ ಮಗುಚಿ ಹಾಕುತ್ತಿದ್ದರು. ಬಂದವರಿಗೆಲ್ಲ ಒಮ್ಮೆ ಇದನ್ನು ಮಾಡಿ ತೋರಿಸುವುದು ಅವರ ಆತಿಥ್ಯದ ಭಾಗವಾಗಿತ್ತು. ಭುಜದವರೆಗೆ ಕೂದಲು ಬಿಟ್ಟಿದ್ದರು. ವಿದೇಶದ ರಾಕ್ ಗಾಯಕರ ಕೂದಲು ವೇದಿಕೆಯ ಮೇಲೆ ಹಾರುತ್ತದಂತೆ. ಇವರದು ಹಾರುತ್ತಿರಲಿಲ್ಲ, ಏಕೆಂದರೆ ಅವರ ತಾಯಿ ಪ್ರತಿ ಶನಿವಾರ ತೆಂಗಿನೆಣ್ಣೆ ಹಾಕಿ ತಲೆಗೆ ತಟ್ಟುತ್ತಿದ್ದರು. ನಮ್ಮ ಸಾಗರ ಪೇಟೆಯ ಮಟ್ಟಿಗೆ ಅಷ್ಟು ಕ್ರಾಂತಿ ಸಾಕಾಗಿತ್ತು.

ಊರಿಗೆಲ್ಲ ಅವರು ರಾಕ್ ಭಾವ. ಅವರ ಹಾಡಿನ ತಂಡದಲ್ಲಿದ್ದ ಇಬ್ಬರು ಅವರ ಹತ್ತಿರದ ನೆಂಟರು, ಅವರು ‘ಭಾವ’ ಎನ್ನುತ್ತಿದ್ದರು. ನೆಂಟನಲ್ಲದ ನಾನೂ ಹಾಗೇ ಅಂದೆ. ನಮ್ಮ ಮನೆಯಲ್ಲಿ ಆಡುವ ಕನ್ನಡ ಬೇರೆ, ಅವರ ಮನೆಯಲ್ಲಿ ಆಡುವ ಕನ್ನಡ ಬೇರೆ. ನಾನು ಹಗಲು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ, ಸಂಜೆ ಅವರ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದೆ. ಎರಡೂ ಕಡೆ ನನ್ನ ಕೆಲಸ, ಬೇರೆಯವರು ಎಲ್ಲಿ ನಿಲ್ಲಬೇಕೆಂದು ಹೇಳುವುದು. ಅವರು ನನ್ನನ್ನು ಹೆಸರಿನಿಂದ ಕರೆದದ್ದು ನೆನಪಿಲ್ಲ. “ಏ ಪ್ರೂಫು” ಎನ್ನುತ್ತಿದ್ದರು.

ಮೈಕ್ ಪರೀಕ್ಷೆಗೆ ಎಲ್ಲರೂ ಹಲೋ ಎಂದರೆ ಅವರು “ತಾಳಗುಪ್ಪ, ತಾಳಗುಪ್ಪ” ಎನ್ನುತ್ತಿದ್ದರು. ಕೊನೆಯ ‘ಪ್ಪ’ ಒಡೆಯದೆ ಕೇಳಿದರೆ ಮೈಕ್ ಸರಿ ಇದೆ ಎಂದು ಲೆಕ್ಕ. ನನಗೆ ತಾಳ ಕಲಿಸಿದವರು ಅವರೇ. ನಾನು ಉತ್ಸಾಹದಲ್ಲಿ ಓಡಿದರೆ ತಿರುಗಿಯೂ ನೋಡದೆ ಹಿಂದಕ್ಕೆ ಕೈ ಬೀಸುತ್ತಿದ್ದರು. ಸ್ವರ ತಪ್ಪಿದವರನ್ನು ಅವರು ಕ್ಷಮಿಸುತ್ತಿರಲಿಲ್ಲ. “ಸುಳ್ಳು ಹೇಳಲಕ್ಕು, ಶ್ರುತಿ ತಪ್ಪಲಾಗ” ಎಂಬುದು ಅವರ ಮಾತು. ಸುಳ್ಳು ಹೇಳಬಹುದು, ಶ್ರುತಿ ತಪ್ಪಬಾರದು. ನಾನದನ್ನು ತಮಾಷೆ ಎಂದುಕೊಂಡು ಬಹಳ ವರ್ಷ ನಕ್ಕೆ.

ಅವರ ಮೊದಲ ಆತ್ಮಕಥೆ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಯಿತು. ತೆಳ್ಳನೆಯ ಪುಸ್ತಕ, ತೆಳ್ಳನೆಯ ಕಾಗದ. ಈಚೆ ಪುಟ ಓದುವಾಗ ಆಚೆ ಪುಟವೂ ಕಾಣಿಸುತ್ತಿತ್ತು. ಅದು ಪ್ರಾಮಾಣಿಕತೆಯ ಲಕ್ಷಣವೆಂದು ನಾನು ಪ್ರೆಸ್ಸಿನ ಮಾಲೀಕರಿಗೆ ಸಮಾಧಾನ ಹೇಳಿದ್ದೆ. ಎರಡನೆಯದು ಬೆಂಗಳೂರಿನಲ್ಲಿ ಅಚ್ಚಾಯಿತು. ಶರಾವತಿಯ ಹಿನ್ನೀರಿಗೆ ಸೇತುವೆ ಏಳತೊಡಗಿ, ಸಿಗಂದೂರಿಗೆ ಜನರನ್ನು ದಾಟಿಸುವ ಲಾಂಚು ಇನ್ನು ನಿಲ್ಲುತ್ತದೆಂದು ಎಲ್ಲರಿಗೂ ಅದರ ಮೇಲೆ ಒಮ್ಮೆಗೇ ಪ್ರೀತಿ ಉಕ್ಕಿತ್ತು. ನಮ್ಮ ತಂಡದ ಹಳೆಯ ಲಾಂಚಿನ ಹಾಡು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿತ್ತು. ಆ ಗಾಳಿಯಲ್ಲಿ ಬಂದ ಪುಸ್ತಕ. ದಪ್ಪ ರಟ್ಟು, ಒಳಗೆ ಹೊಳೆಯುವ ಕಾಗದ. ಅದರಲ್ಲಿ ಆಚೆ ಪುಟ ಕಾಣುತ್ತಿರಲಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದವನು ಪ್ರಾಯಶಃ ನಾನೊಬ್ಬನೇ. ವೃತ್ತಿದೋಷ.

ಮೊದಲ ಪುಸ್ತಕದಲ್ಲಿ ಹೊಸನಗರದ ಕಾಲೇಜು ವಾರ್ಷಿಕೋತ್ಸವ ಹೀಗಿದೆ: ಪ್ರಿನ್ಸಿಪಾಲರು ರಾಕ್ ಎಂಬುದನ್ನು ಕನ್ನಡಕ್ಕೆ ತಂದು “ಈಗ ಬಂಡೆ ಸಂಗೀತ” ಎಂದು ಘೋಷಿಸಿದರು, ಎರಡನೆಯ ಹಾಡಿಗೆ ಕರೆಂಟ್ ಹೋಯಿತು, ನಾವು ಕತ್ತಲಲ್ಲಿ ನಿಂತಿದ್ದಾಗ ಹಿಂದಿನ ಬೆಂಚಿನವನೊಬ್ಬ “ಬಂಡೆ ಒಡದ್ರೇನ್ರೋ?” ಎಂದು ಕೂಗಿದ. ನಡೆದದ್ದೂ ಹಾಗೆಯೇ. ಎರಡನೆಯ ಪುಸ್ತಕದಲ್ಲಿ ಕರೆಂಟ್ ಹೋದ ಮೇಲೆ ‘ಸಾವಿರ ಕಂಠಗಳು ಕತ್ತಲಲ್ಲಿ ನನ್ನೊಂದಿಗೆ ಹಾಡಿದವು’. ಆ ಸಭಾಂಗಣದಲ್ಲಿ ಇನ್ನೂರು ಕುರ್ಚಿಗಳಿದ್ದವು. ಒಬ್ಬೊಬ್ಬರಿಗೆ ಐದೈದು ಕಂಠ.

ತೀರ್ಥಹಳ್ಳಿಗೆ ಹೋಗುವಾಗ ಬಸ್ಸಿನ ಟಾಪಿನಿಂದ ಗಿಟಾರು ತಿರುವಿನಲ್ಲಿ ಜಾರಿ ಬಿದ್ದು ಕತ್ತು ಮುರಿದುಕೊಂಡಿತು. ಮೊದಲ ಪುಸ್ತಕದಲ್ಲಿ ಅವರು ಬರೆಯುತ್ತಾರೆ: ‘ಲಗೇಜ್ ಟಿಕೆಟ್ ತೆಗೆದುಕೊಂಡಿದ್ದರಿಂದ ಕಂಡಕ್ಟರ್ ನಮಗೆ ಅಳಲು ಹತ್ತು ನಿಮಿಷ ಬಸ್ ನಿಲ್ಲಿಸಿಕೊಟ್ಟ.’ ಎಷ್ಟು ಚಂದದ ವಾಕ್ಯ! ಎರಡನೆಯದರಲ್ಲಿ ಅದೇ ಗಿಟಾರನ್ನು ಅವರು ತೀರ್ಥಹಳ್ಳಿಯ ವೇದಿಕೆಯ ಮೇಲೆ ‘ವ್ಯವಸ್ಥೆಯ ವಿರುದ್ಧದ ಆವೇಶದಲ್ಲಿ’ ಅಪ್ಪಳಿಸಿ ಒಡೆದಿದ್ದಾರೆ. ಕಂಡಕ್ಟರ್ ಇಲ್ಲ. ಬಸ್ಸೂ ಇಲ್ಲ. ಇಷ್ಟನ್ನು ನಗುತ್ತಲೇ ಓದಬಹುದು. ಮುಪ್ಪಿನಲ್ಲಿ ಮನುಷ್ಯ ತನ್ನ ಹಳೆಯ ಫೋಟೋಕ್ಕೆ ಬಣ್ಣ ಹಚ್ಚಿಸಿಕೊಂಡರೆ ಯಾರ ಗಂಟು ಹೋಗುತ್ತದೆ?

ಅಜ್ಜಿಯ ಅಧ್ಯಾಯದ ಮಾತು ಬೇರೆ.

ಲಾಂಚಿನ ಹಾಡು ಹುಟ್ಟಿದ್ದು ನಮ್ಮ ಅವ್ವನಿಂದ. ಅವ್ವನ ತವರೂರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದೆ. ಸಿಗಂದೂರಿಗೆ ಹೋಗುವಾಗಲೆಲ್ಲ ಲಾಂಚಿನ ಕಂಬಿ ಹಿಡಿದು ನಿಂತು, ನೀರಿನ ಕಡೆ ಬೆರಳು ತೋರಿಸಿ, “ಅಲ್ಲೈತೆ ನೋಡು ನಮ್ಮವ್ವನ ಒಲೆ” ಎನ್ನುತ್ತಿದ್ದಳು. ಪ್ರತಿ ಸಲವೂ ಬೇರೆ ಜಾಗ ತೋರಿಸುತ್ತಿದ್ದಳು. “ಹೋದ ಸಲ ಆ ಕಡೆ ಅಂದಿದ್ಯಲ್ಲವ್ವ?” ಎಂದರೆ, “ನೀರು ಅಲ್ಲಾಡ್ತದಪ್ಪ, ಒಲೆ ಅಲ್ಲೇ ಐತೆ” ಎನ್ನುವಳು. ಆ ಮಾತನ್ನು ಒಂದು ಮದುವೆ ಕಾಗದದ ಕರಡಿನ ಬೆನ್ನಿಗೆ ಬರೆದುಕೊಂಡು, ಕೆಳಗೆ ನಾಲ್ಕು ಸಾಲು ಸೇರಿಸಿ, ಭಾವನ ಕೈಗೆ ಕೊಟ್ಟೆ. ಶುರು ಹೀಗೆ:

ಕೆಳಗೈತೆ ನಮ್ಮಜ್ಜಿ ಒಲೆ,
ಮ್ಯಾಲೈತೆ ಲಾಂಚಿನ ಹೊಳೆ.

ಓದಿದವರೇ ಗಿಟಾರು ತೆಗೆದುಕೊಂಡು ಕೂತಲ್ಲೇ ರಾಗ ಹಾಕಿದರು. ನ್ಯಾಯವಾಗಿ ಹೇಳಬೇಕು: ಆ ರಾಗವಿಲ್ಲದಿದ್ದರೆ ನನ್ನ ಸಾಲುಗಳು ಮದುವೆ ಕಾಗದದ ಬೆನ್ನಿನಲ್ಲೇ ಸಾಯುತ್ತಿದ್ದವು. ‘ಒಲೆ’ ಎಂಬಲ್ಲಿ ಅವರ ಧ್ವನಿ ಸಣ್ಣಗೆ ಒಡೆಯುತ್ತಿತ್ತು. ಅವ್ವ ಮೊದಲ ಸಲ ಕೇಳಿದಾಗ ಸೆರಗು ಬಾಯಿಗೆ ಇಟ್ಟುಕೊಂಡಳು. ಅಂದಿನಿಂದ ಅವಳ ಪಾಲಿಗೆ ಅದು ‘ನಮ್ಮ ಹಾಡು’. ಅಣೆಕಟ್ಟೆಗೆ ಊರು ಕೊಟ್ಟವಳಿಗೆ ಬದಲಿಗೆ ಸಿಕ್ಕಿದ್ದರಲ್ಲಿ ಅವಳು ಇಷ್ಟಪಟ್ಟದ್ದು ಅದೊಂದೇ.

ಮೊದಲ ಪುಸ್ತಕದಲ್ಲಿ ಭಾವನ ಅಜ್ಜಿ ಒಣ ನೆಲದ ಮೇಲಿದ್ದಾರೆ. ಹೊಸನಗರದ ಕಡೆಯ ಮನೆ. ಆಂಪ್ಲಿಫೈಯರಿನ ವೈರನ್ನು ಬಟ್ಟೆ ಒಣಗಿಸುವ ಹಗ್ಗವೆಂದುಕೊಂಡು ಅದರ ಮೇಲೆ ಒದ್ದೆ ಸೀರೆ ಹರವುತ್ತಾರೆ. ಮೊಮ್ಮಗನಿಗೆ ಶಾಕ್ ಹೊಡೆಯುತ್ತದೆ. ತುಂಬು ಬಾಳು ಬಾಳಿ, ಅದೇ ಮನೆಯಲ್ಲಿ ತೀರಿಕೊಳ್ಳುತ್ತಾರೆ. ಎರಡನೆಯ ಪುಸ್ತಕದಲ್ಲಿ ಅದೇ ಅಜ್ಜಿಯ ಊರನ್ನು ಶರಾವತಿ ನುಂಗಿದೆ. ಕೊನೆಯ ದಿನ ಅವರು ಒಲೆಗೆ ನಮಸ್ಕಾರ ಮಾಡಿ ಬೂದಿಯನ್ನು ಹಣೆಗೆ ಹಚ್ಚಿಕೊಂಡು ಹೊರಡುತ್ತಾರೆ. ಬೂದಿ ಹಚ್ಚಿಕೊಂಡದ್ದು ನನ್ನ ಅಜ್ಜಿ. ನಾನೇ ಭಾವನಿಗೆ ಹೇಳಿದ್ದೆ. ಲಾಂಚಿನಲ್ಲಿ ಬೆರಳು ತೋರಿಸುವ ತಾಯಿಯೂ ಅವರ ತಾಯಿಯೇ ಆಗಿದ್ದಾರೆ. ‘ಅಂದು ರಾತ್ರಿ ನಾನು ಈ ಹಾಡನ್ನು ಬರೆದೆ’ ಎಂದು ಅಧ್ಯಾಯ ಮುಗಿಯುತ್ತದೆ.

ಈ ಅಧ್ಯಾಯವನ್ನು ನಾನು ಮೊದಲು ಕೇಳಿದ್ದು ಸಾಗರದ ಬಿಡುಗಡೆಯ ಸಭೆಯಲ್ಲಿ. ನಾನಿನ್ನೂ ಪುಸ್ತಕ ನೋಡಿರಲಿಲ್ಲ. ‘ನಮ್ಮ ಹಾಡಿನ ಪುಸ್ತಕ’ ಎಂದು ಅವ್ವ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟು ಬಂದಿದ್ದಳು. ಭಾವ ವೇದಿಕೆಯ ಮೇಲೆ, ಶಾಲು ಹೊದ್ದು, ಆ ಅಧ್ಯಾಯವನ್ನೇ ಓದಿದರು. ಜನ ಕಣ್ಣು ಒರೆಸಿಕೊಂಡರು. ಅವ್ವನೂ ಒರೆಸಿಕೊಂಡಳು. ಸಭೆ ಮುಗಿದದ್ದೇ ನನ್ನ ಕೈ ಬಿಡಿಸಿಕೊಂಡು ನೇರ ಅವರ ಹತ್ತಿರ ಹೋದಳು.

“ಏನಪ್ಪಾ, ನಿಮ್ಮಜ್ಜಿ ನಮ್ಮೂರೋರಂತಲ್ಲ! ಇಷ್ಟ್ ವರ್ಷ ನಮ್ಮನೇಲಿ ಚಾ ಕುಡ್ದು ಒಂದ್ ಮಾತು ಹೇಳ್ಲಿಲ್ಲ ನೋಡು. ಯಾರ ಮನೆಯೋರು?”

ಭಾವ ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡುತ್ತಿದ್ದೆ.

“ಅಮ್ಮಾ, ಅದು ಹಂಗಲ್ಲ. ಅದು ರೂಪಕ.”

“ರೂಪಕ್ಕನಾ?” ಅವ್ವ ಹುಬ್ಬು ಗಂಟಿಕ್ಕಿ ಇಡೀ ಊರನ್ನು ಮನೆಮನೆಯಾಗಿ ನೆನೆಸಿಕೊಂಡಳು. “ರೂಪಕ್ಕ ಅಂತ ಯಾರೂ ಇರ್ಲಿಲ್ಲಪ್ಪ ನಮ್ಮೂರಾಗೆ. ಮೇಲಿನಕೇರೀಲಿ ರುಕ್ಮಕ್ಕ ಇದ್ರು. ಅವ್ರೇನಾ?”

ಸುತ್ತ ಹಸ್ತಾಕ್ಷರಕ್ಕೆ ನಿಂತಿದ್ದವರು ನೋಡುತ್ತಿದ್ದರು.

“ಹ್ಞಾಂ… ಅವ್ರೇ ಇರ್ಬೋದು ಅಮ್ಮಾ,” ಎಂದರು ಭಾವ. ಶ್ರುತಿ ಎಳ್ಳಷ್ಟೂ ತಪ್ಪಲಿಲ್ಲ.

ಆಟೋದಲ್ಲಿ ಮನೆಗೆ ಬರುವಾಗ ಅವ್ವ ಬಹಳ ಖುಷಿಯಲ್ಲಿದ್ದಳು. “ರುಕ್ಮಕ್ಕನ ಮೊಮ್ಮಗ! ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು ಕಣೋ. ಮೂಗು ನೋಡು, ಥೇಟು ಅದೇ ಮೂಗು.” ಊರು ಮುಳುಗಿದ ಮೇಲೆ ಆ ಊರಿನವರೊಬ್ಬರು ಹೊಸದಾಗಿ ಸಿಕ್ಕಿದ್ದು ಅವಳಿಗೆ ಅದೇ ಮೊದಲು. ಸತ್ಯ ಹೇಳಲು ನಾನು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ. ಹಾಡು ಹೋದದ್ದಕ್ಕಿಂತ ಆ ಸುಳ್ಳನ್ನು ನಾನೇ ಕಾಯಬೇಕಾಗಿ ಬಂದದ್ದು ನನಗೆ ಹೆಚ್ಚು ಕಹಿಯಾಯಿತು.

ವಾರದ ನಂತರ, ಎರಡು ಪುಸ್ತಕಗಳನ್ನೂ ಕಂಕುಳಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ತಂತಿ ಬದಲಾಯಿಸುತ್ತಿದ್ದರು.

“ಭಾವ, ಹಾಡು ಬರ್ದಿದ್ದು ಯಾರು?” ಎಂದೆ.

“ಬಾ ಪ್ರೂಫು, ಕೂತ್ಕ. ಆಸ್ರಿಗೆ ಎಂತ ಬೇಕು?”

“ಕುಡಿಯೋಕೆ ಏನೂ ಬೇಡ. ಮೊದಲನೇ ಪುಸ್ತಕದಲ್ಲಿ ‘ಈ ಹಾಡನ್ನು ನಾವು ಮಾಡಿದೆವು’ ಅಂತ ಐತೆ. ಎರಡನೇದ್ರಲ್ಲಿ ‘ನಾನು ಬರೆದೆ’ ಅಂತ ಐತೆ. ಆ ‘ನಾವು’ ಒಳಗೆ ನಾನಿದ್ದೆ. ಎಲ್ಲಿಗೆ ಹೋದೆ?”

ಅವರು ತಂತಿ ಬಿಗಿಮಾಡಿ, ಮೀಟಿ, ಕಿವಿ ಇಟ್ಟು ಕೇಳಿದರು. ಆಮೇಲೆ, ಪಾಠ ಹೇಳುವವರ ಸಮಾಧಾನದಲ್ಲಿ, ಹೇಳಿದರು:

“ಆ ‘ನಾವು’ ನಂದಲ್ಲ ಮಾರಾಯ, ಅದು ನೀ ತಿದ್ದಿದ್ದು. ಆನು ‘ಎಂಗೊ ಮಾಡಿದ್ಯ’ ಹೇಳಿ ಬರದಿದ್ದಿ.”

ನಿಜ. ಮೊದಲ ಪುಸ್ತಕದ ಹಸ್ತಪ್ರತಿಯನ್ನು ಅವರು ತಮ್ಮ ಮನೆಮಾತಿನಲ್ಲಿ ಬರೆದಿದ್ದರು. ಅದನ್ನು ಪುಸ್ತಕದ ಕನ್ನಡಕ್ಕೆ ತಿದ್ದಿದವನು ನಾನು. ‘ಆನು’ ಕಂಡಲ್ಲೆಲ್ಲ ‘ನಾನು’, ‘ಎಂಗೊ’ ಕಂಡಲ್ಲೆಲ್ಲ ‘ನಾವು’ ಮಾಡಿದ್ದೆ.

“ಎರಡೂ ಒಂದೇ ಅಲ್ವಾ?”

“ಅದೇ ಅಲ್ದ ನಿಂಗೆ ಗೊತ್ತಿಲ್ದೇ ಇದ್ದಿದ್ದು. ಎಂಗಳ ಮಾತಲ್ಲಿ ‘ನಾವು’ ಅಂದ್ರೆ ಆನೂ ನೀನೂ ಸೇರಿ. ‘ಎಂಗೊ’ ಅಂದ್ರೆ ನಿನ್ನ ಬಿಟ್ಟು ಎಂಗೊ.”

ಇಪ್ಪತ್ತು ವರ್ಷ ಆ ಮನುಷ್ಯ ನನ್ನ ಮುಖ ನೋಡಿಕೊಂಡು “ಎಂಗೊ ಹೊಸನಗರದಲ್ಲಿ ಬಾರಿಸಿದ್ಯ, ಎಂಗೊ ತೀರ್ಥಹಳ್ಳಿಗೆ ಹೋದ್ಯ” ಎಂದಿದ್ದರು. ಪ್ರತಿ ಸಲವೂ ನಾನು ಹೌದು ಹೌದು ಎಂದು ತಲೆಯಾಡಿಸಿದ್ದೆ. ಕರಡು ತಿದ್ದುವವನ ಜೀವಮಾನದ ತಪ್ಪು ಅಕ್ಷರದಲ್ಲಿರಲಿಲ್ಲ, ಸರ್ವನಾಮದಲ್ಲಿತ್ತು.

“ಹಾಡಲ್ಲಿ ‘ಐತೆ’ ಅಂತ ಐತಲ್ಲ ಭಾವ,” ಎಂದೆ ಕೊನೆಗೆ. “ನಿಮ್ಮನೇಲಿ ‘ಇದ್ದು’ ಅಂತೀರಿ. ನೀವೇ ಬರ್ದಿದ್ರೆ ‘ಕೆಳಗಿದ್ದು’ ಅಂತ ಬರೀತಿರ್ಲಿಲ್ವಾ?”

ಒಂದು ಕ್ಷಣ ಅವರ ಬೆರಳು ನಿಂತಿತು. ಆಮೇಲೆ ನಕ್ಕರು. “ಆ ಮದುವೆ ಕಾಗದ ಇಟ್ಕಂಜ್ಯಾ? ಇಲ್ಲೆ. ಮತ್ತೆ ಪ್ರೂಫ್ ಎಲ್ಲಿದ್ದು, ಪ್ರೂಫು?”

ಆ ಕಾಗದವನ್ನು ನಾನು ಇಟ್ಟುಕೊಂಡಿರಲಿಲ್ಲ. ಪುಸ್ತಕಗಳನ್ನು ಜಗಲಿಯ ಮೇಲೆ ಬಿಟ್ಟು ಎದ್ದು ಬಂದೆ. ಎರಡು ವರ್ಷ ಮಾತಿರಲಿಲ್ಲ. ಅವ್ವ ಮಾತ್ರ ಕೇಳುತ್ತಿದ್ದಳು: “ರುಕ್ಮಕ್ಕನ ಮೊಮ್ಮಗ ಬರ್ಲೇ ಇಲ್ಲ ಇತ್ಲಾಗೆ?” ಕಾರ್ಯಕ್ರಮ ಜಾಸ್ತಿ ಅವ್ವ, ಎನ್ನುತ್ತಿದ್ದೆ.

ಅವರಿಗೆ ಮೈ ಹುಷಾರಿಲ್ಲ ಎಂದು ಗೊತ್ತಾಗಿ ಆಸ್ಪತ್ರೆಗೆ ಹೋದೆ. ಕೂದಲು ಕತ್ತರಿಸಿದ್ದರು. ಎಡಗೈಯ ಜಡ್ಡು ಕರಗಿ ಬೆರಳುಗಳು ಎಳೆಯವಾಗಿದ್ದವು. ನರ್ಸ್ ಕೊಟ್ಟ ಚಾ ಲೋಟ ಬಿಸಿ ಎಂದು ಟವೆಲಿನಲ್ಲಿ ಹಿಡಿದರು. ನನಗೆ ಸಿಟ್ಟಿನ ಜೊತೆ ಇನ್ನೇನೋ ಬಂತು. ಅದನ್ನು ದುಃಖ ಎಂದು ಒಪ್ಪಿಕೊಳ್ಳಲು ಈಗಲೂ ಮನಸ್ಸಿಲ್ಲ.

“ಅಮ್ಮ ಹ್ಯಾಂಗಿದ್ದ?” ಎಂದರು.

“ರುಕ್ಮಕ್ಕನ ಮೊಮ್ಮಗನ್ನ ಕೇಳ್ತಾಳೆ.”

ಅವರು ಗೋಡೆಯ ಕಡೆ ತಿರುಗಿದರು. ಅತ್ತ ನೋಡಿಕೊಂಡೇ ಹೇಳಿದರು: “ಪ್ರಕಾಶಕರು ಎರಡನೇ ಮುದ್ರಣ ಬತ್ತು ಹೇಳಿದ್ದ. ಅದ್ರಲ್ಲಿ ಸರಿ ಮಾಡನ ಪ್ರೂಫು. ನಾವೇ ಕೂತು ಮಾಡನ.”

ನಾವೇ. ನನ್ನನ್ನು ಸೇರಿಸಿಕೊಂಡ ಆ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ. ಅದೂ ಮುಂದೂಡುವುದಕ್ಕೆ.

ಹನ್ನೊಂದು ದಿನಗಳ ಮೇಲೆ ತೀರಿಕೊಂಡರು. ಪ್ರಕಾಶಕರಿಗೆ ಪತ್ರ ಬರೆದೆ: ಒಲೆ ಯಾರದು, ಬೂದಿ ಯಾರು ಹಚ್ಚಿಕೊಂಡರು, ಸಾಲು ಯಾರ ಬಾಯಿಂದ ಬಂತು, ಎಲ್ಲ. ಅವರು ತಂಡದ ಉಳಿದಿಬ್ಬರನ್ನು ಫೋನಿನಲ್ಲಿ ವಿಚಾರಿಸಿದರಂತೆ. “ಅದು ಎಂಗೊ ಮಾಡಿದ್ದು” ಎಂದು ಇಬ್ಬರೂ ಹೇಳಿದರಂತೆ. ವಿವಾದ ಬೇಡ, ಯಾರಿಗೂ ನೋವಾಗದ ಹಾಗೆ ಮಾಡುತ್ತೇವೆ ಎಂದು ಪ್ರಕಾಶಕರು ವಿನಯದಿಂದ ಉತ್ತರಿಸಿದರು.

ಎರಡನೆಯ ಮುದ್ರಣ ಬಂದಿದೆ. ಹಾಡಿನ ಕೆಳಗೆ, ಬಲಗಡೆ, ‘ಜನಪದ’ ಎಂದು ಅಚ್ಚಾಗಿದೆ.