ಅರಕಲಗೂಡಿಗೆ ಒಂದು ಗಾಜಿನ ಬುರುಡೆ

ಎರಡನೆಯ ಮಹಾಯುದ್ಧದ ಕಾಲ; ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೊರಟ ಇದ್ದಿಲು ಬಸ್ಸು ಏರು ಬಂದಲ್ಲೆಲ್ಲ ನಿಂತು ಸುಧಾರಿಸಿಕೊಳ್ಳುತ್ತಿತ್ತು. ನನಗೆ ಬೇಕಿದ್ದುದು ಒಂದೇ ಒಂದು ಗಾಜಿನ ಬುರುಡೆ. ಅರಕಲಗೂಡಿನಲ್ಲಿ ತಾತ ಕಟ್ಟಿಸಿದ ಮನೆಯನ್ನು ದೊಡ್ಡಪ್ಪ ಹಳೆಯ ಕಾಲದ ಸಾಮಾನುಗಳ ಪ್ರದರ್ಶನಕ್ಕೆಂದು ಊರಿಗೆ ಬಿಟ್ಟುಕೊಡುವವರಿದ್ದರು. ತೊಟ್ಟಿಲು, ಹಂಡೆ, ಪೆಟ್ಟಿಗೆಗಳೆಲ್ಲ ಸಜ್ಜಾಗಿದ್ದವು. ನಡುಮನೆಯ ಸೀಮೆಎಣ್ಣೆ ತೂಗುದೀಪದ ಬುರುಡೆ ಮಾತ್ರ ಒಡೆದುಹೋಗಿತ್ತು. ಕರೆಂಟಿನ ಬಲ್ಬು ಸಿಕ್ಕಿಸೋಣ ಎಂದವರ ಮೇಲೆ ನಾನು ರೇಗಿದ್ದೆ. ಹಾಗಾಗಿ ಹುಡುಕುವ ಕೆಲಸ ನನ್ನ ತಲೆಗೇ ಬಂತು.

ಚನ್ನರಾಯಪಟ್ಟಣದ ಪೇಟೆಯಲ್ಲಿ ಶೆಟ್ಟರೊಬ್ಬರು ಅಂಥದೇ ಬುರುಡೆಯನ್ನು ಅಟ್ಟದಿಂದ ಇಳಿಸಿ, ಒಣಹುಲ್ಲು ಸುತ್ತಿ, ಬುಟ್ಟಿಯಲ್ಲಿಟ್ಟುಕೊಟ್ಟರು. ಹೊಳೆನರಸೀಪುರದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದ ರೈತ, "ಅದೇನ್ ಸಾ, ಎಳೇ ಮಗೀನಂಗೆ ಇಡ್ಕಂಡಿದ್ದೀರಲ್ಲ" ಎಂದ. ವಿಷಯ ಹೇಳಿದೆ. ಆಮೇಲೆ ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಅವನ ಕೈಯೂ ಬುಟ್ಟಿಗೆ ಬರುತ್ತಿತ್ತು.

ಹೊಳೆನರಸೀಪುರದಲ್ಲಿ ಇಳಿದದ್ದು ದೊಡ್ಡಪ್ಪನ ಅಕ್ಕನಾದ ಸೋದರತ್ತೆಯನ್ನು ಕರೆದೊಯ್ಯಲು. ಅತ್ತೆ ಬಾಲ್ಯದಲ್ಲೇ ವಿಧವೆಯಾದವರು. ಅರಕಲಗೂಡಿನ ಮನೆಯಲ್ಲಿ ದಿನಾ ಮಧ್ಯಾಹ್ನ ಆ ಹಳೆಯ ಬುರುಡೆಯನ್ನು ಬೂದಿ ಹಚ್ಚಿ ಒರೆಸುತ್ತಿದ್ದವರು ಅವರೇ. ಸಂಜೆ ದೀಪ ಹಚ್ಚುವುದು ಮಾತ್ರ ಮುತ್ತೈದೆಯರ ಪಾಲು. ಆ ಹೊತ್ತಿಗೆ ಅತ್ತೆ ಅಡಿಗೆಮನೆಯ ಬಾಗಿಲ ಹಿಂದೆ ಸರಿದುಬಿಡುತ್ತಿದ್ದರು. ಆಗಲೂ ಅವರ ಬೆರಳಿನಲ್ಲಿ ಮಸಿ ಇರುತ್ತಿತ್ತು. ಈ ಸಲವಾದರೂ ಅವರೇ ಹಚ್ಚಬೇಕೆಂಬುದು ನನ್ನ ಆಸೆ. ಹೇಳಿದ್ದಕ್ಕೆ, ತಟ್ಟೆಗೆ ಹುಳಿಯವಲಕ್ಕಿ ಹಾಕುತ್ತ, "ಒರೆಸಿಕೊಡ್ತೀನಿ ನಡಿ. ಹಚ್ಚೋ ಮಾತು ಎತ್ತಬೇಡ" ಎಂದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅರಕಲಗೂಡು ಸೇರಿದೆವು. ದಾರಿಯುದ್ದಕ್ಕೂ ಮಳೆ ಹನಿಯುತ್ತಿತ್ತು. ಅತ್ತೆ ಕಾಲು ತೊಳೆದವರೇ ಬೂದಿ ಕೇಳಿದರು. ಬುರುಡೆ ಫಳಫಳಿಸಿತು. ರೇಷನ್ ಸೀಮೆಎಣ್ಣೆಯಲ್ಲಿ ಉಳಿಸಿದ್ದನ್ನು ದೊಡ್ಡಮ್ಮ ದೀಪಕ್ಕೆ ಸುರಿದರು. ಮುಸ್ಸಂಜೆಯಾಗುತ್ತಲೇ ಅತ್ತೆ, ಹಿಂದಿನಂತೆಯೇ, ಅಡಿಗೆಮನೆಯತ್ತ ಹೊರಟರು. ದೊಡ್ಡಪ್ಪ ಮಡಿ ಆಚಾರದ ಮನುಷ್ಯ.

ದೊಡ್ಡಮ್ಮ ಹಿಂದೆಯೇ ಹೋಗಿ ಅತ್ತೆಯ ಕೈಗೆ ಬೆಂಕಿಪೆಟ್ಟಿಗೆ ಇಟ್ಟರು. "ಅತ್ತಿಗೆ, ನೀವು ಒರೆಸಿದ್ದಕ್ಕೆ ಇಷ್ಟು ವರ್ಷ ನಾನು ಹಚ್ಚಿದೆ. ಇವತ್ತು ನೀವು ಹಚ್ಚಿ."

ಅತ್ತೆ ತಮ್ಮನ ಮುಖ ನೋಡಿದರು. ದೊಡ್ಡಪ್ಪ ಗೋಡೆಯ ಬಳಿ ಹೋಗಿ ಸರಪಳಿ ಸಡಿಲಿಸಿ, ಕುಳ್ಳಗಿದ್ದ ಅಕ್ಕನ ಕೈಗೆಟುಕುವಷ್ಟು ದೀಪವನ್ನು ಕೆಳಗಿಳಿಸಿದರು. ಮೊದಲ ಕಡ್ಡಿ ಮುರಿಯಿತು. ಎರಡನೆಯದಕ್ಕೆ ಬತ್ತಿ ಹತ್ತಿಕೊಂಡಿತು. ದೊಡ್ಡಪ್ಪ ಸರಪಳಿ ಎಳೆದು ದೀಪ ಮೇಲೇರಿಸಿದಂತೆ ನನ್ನ ಬಾಲ್ಯದ ಬೆಳಕು ತೊಲೆಗಳ ಮೇಲೆ ಹರಡಿತು. ನಾನು ಅತ್ತುಬಿಟ್ಟೆ.

ಬೆಳಿಗ್ಗೆ ಹಿಂದಿರುಗುವಾಗ ಬಸ್ಸು ಮನೆಯ ಮುಂದೆಯೇ ಹಾದುಹೋಯಿತು. ಅತ್ತೆ ಕಿಟಕಿಯಲ್ಲಿ ಕತ್ತು ಹೊರಳಿಸಿ, ಮನೆ ಮರೆಯಾಗುವವರೆಗೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಹಚ್ಚೋದು ಇಷ್ಟು ಸುಲಭವೇನೋ? ಇದಕ್ಕೇನೋ ನಾನು ಇಷ್ಟು ವರ್ಷ ಬಾಗಿಲ ಹಿಂದೆ ನಿಂತಿದ್ದು?"