ಅಮಾವಾಸ್ಯೆಯ ದಿನ ಕೇಳಿಸಿದ ನೀರು

ನಾನು ಚಿಕ್ಕವಳಿದ್ದಾಗ ಸೂಲೂರಿನ ಹತ್ತಿರದ ನಮ್ಮ ನೇಕಾರರ ಬೀದಿಯಲ್ಲಿ ಯಾರ ಮನೆಯಲ್ಲೂ ಕಕ್ಕಸು ಇರಲಿಲ್ಲ. ಬೆಳಕು ಹರಿಯುವ ಮುಂಚೆ ಅಕ್ಕ ನನ್ನ ಕೈ ಹಿಡಿದು ಜಾಲಿ ಗಿಡಗಳ ಮರೆಗೆ ಕರೆದೊಯ್ಯುತ್ತಿದ್ದಳು. ಕಾಲಿಗೆ ಮುಳ್ಳು, ಮನಸ್ಸಿಗೆ ಹಾವಿನ ಭಯ.

ಗಣಪತಿ ಎಂಬ ಊರಿನ ಪಂಪ್ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ ಮಾವ ಒಂದು ಬೇಸಿಗೆಯಲ್ಲಿ ಬಂದು ನಮ್ಮ ಹಿತ್ತಲಲ್ಲಿ ಕಕ್ಕಸು ಕೂರಿಸಿದರು. ಗೋಡೆಯ ಮೇಲೆ ಕಬ್ಬಿಣದ ತೊಟ್ಟಿ; ಅದರಿಂದ ಇಳಿಬಿದ್ದ ಚೈನ್ ಎಳೆದರೆ ನೀರು ಧೋ ಎಂದು ಸುರಿಯುತ್ತಿತ್ತು. ತೊಟ್ಟಿಗೆ ನೀರು ಬರುತ್ತಿದ್ದದ್ದು ಮೇಲಿನ ಡ್ರಮ್ಮಿನಿಂದ. ಆ ಡ್ರಮ್ಮನ್ನು ಬಾವಿಯಿಂದ ಕೊಡ ಹೊತ್ತು ತುಂಬಿಸುತ್ತಿದ್ದವರು ಅಕ್ಕ ಮತ್ತು ನಾನು.

ಮಾವ ಮೂರು ಸಲ ಚೈನ್ ಎಳೆದರು. ಮೂರು ಸಲವೂ ತೊಟ್ಟಿ ತುಂಬಿತು. "ನೋಡ್ಕೊಳ್ಳಿ ಬಾವ, ಇನ್ನು ಇದರ ತಂಟೆಗೇ ಓಗ್ಬೇಡಿ" ಎಂದು ಅಪ್ಪನಿಗೆ ಹೇಳಿ ಬಸ್ಸು ಹತ್ತಿದರು.

ಆದರೆ ಸಂಜೆ ಮಗ್ಗ ನಿಲ್ಲುವ ಹೊತ್ತಿಗೆ ಡ್ರಮ್ ಖಾಲಿ. ಮರುದಿನವೂ ಖಾಲಿ. ನಾನೊಮ್ಮೆ ಸುಮ್ಮಸುಮ್ಮನೆ ಚೈನ್ ಎಳೆದದ್ದನ್ನು ಅಪ್ಪ ನೋಡಿದ್ದರು.

"ಏನ್ ಕಣ್ಣು, ಇವತ್ತೂ ಚೈನ್ ಎಳ್ದು ಆಟ ಆಡ್ದ್ಯಾ?" ಎಂದರು; ನನ್ನನ್ನು ಮುದ್ದಿಗೆ ಕಣ್ಣು ಎಂದೇ ಕರೆಯುತ್ತಿದ್ದರು.

ನಾನು ಎಳೆದಿರಲಿಲ್ಲ. ಆದರೆ ನನಗೆ ಮೊದಲಿಂದಲೂ ನಾಚಿಕೆ ಹೆಚ್ಚು. ಅಕ್ಕನ ಬೆನ್ನ ಹಿಂದೆ ಸರಿದೆ.

"ಅವಳಿಗೆ ಆಟ, ನನಗೆ ಸೊಂಟ ಓಯ್ತು" ಎಂದಳು ಅಕ್ಕ.

"ನಾಳೆನೂ ಖಾಲಿ ಆದ್ರೆ ಬೀಗ ಆಕ್ಬುಡ್ತೀನಿ. ನಿಮಗೆ ಜಾಲಿಗಿಡವೇ ಶರಿ" ಎಂದರು ಅಪ್ಪ.

ಮರುದಿನ ಅಮಾವಾಸ್ಯೆ. ಅಂದು ನಮ್ಮವರು ಯಾರೂ ಮಗ್ಗಕ್ಕೆ ಇಳಿಯುವುದಿಲ್ಲ. ಬೀದಿಯಲ್ಲಿ ಲಟಕ್ ಪಟಕ್ ಇಲ್ಲ. ಪಕ್ಕದ ಮನೆಯಲ್ಲಿ ಸಾಸಿವೆ ಸಿಡಿದದ್ದೂ ಕೇಳುತ್ತಿತ್ತು. ಡ್ರಮ್ ತುಂಬಿಸಿ ಕೊಡ ಕೆಳಗಿಟ್ಟಾಗ ಕಕ್ಕಸಿನೊಳಗಿಂದ ಸಣ್ಣಗೆ ಸೊರ್ ಎಂಬ ಸದ್ದು. ಯಾರೂ ಚೈನ್ ಮುಟ್ಟಿರಲಿಲ್ಲ.

ನಾನು ಅಪ್ಪನ ಬೆರಳು ಹಿಡಿದು ಎಳೆದುಕೊಂಡು ಬಂದೆ. ಅಪ್ಪ ಕಣ್ಣು ಮುಚ್ಚಿ ನಿಂತರು. ಒಂದು ನೂಲು ಹರಿದರೂ ಸದ್ದಿನಲ್ಲೇ ತಿಳಿಯುವ ಕಿವಿ ಅವರದು. ಏಣಿ ಹತ್ತಿ ತೊಟ್ಟಿಯ ಮುಚ್ಚಳ ತೆಗೆದರು. ಒಳಗೆ ಸರಳಿನ ತುದಿಯಲ್ಲಿ ತಾಮ್ರದ ಚೆಂಡೊಂದು ತೇಲುತ್ತಿತ್ತು. ಅದನ್ನು ಬೆರಳಲ್ಲಿ ಎತ್ತಿದರೆ ಸದ್ದು ನಿಂತಿತು. ಬಿಟ್ಟರೆ ಮತ್ತೆ ಸೊರ್. ಚೆಂಡು ಸಾಕಷ್ಟು ಮೇಲೇರಿ ನೀರನ್ನು ನಿಲ್ಲಿಸುವ ಮೊದಲೇ ತುಂಬಿದ ನೀರು ಒಳಗಿನ ಕೊಳವೆಯಿಂದ ಕಕ್ಕಸಿಗೆ ಇಳಿದುಹೋಗುತ್ತಿತ್ತು. ತೊಟ್ಟಿ ತುಂಬುತ್ತದೆಯೇ ಎಂದು ಎಲ್ಲರೂ ನೋಡಿದ್ದೆವು. ನೀರು ನಿಲ್ಲುತ್ತದೆಯೇ ಎಂದು ನೋಡಿರಲಿಲ್ಲ. ಆ ಸದ್ದನ್ನು ಮಗ್ಗಗಳು ನುಂಗಿದ್ದವು.

ಚೆಂಡು ಕಡಿಮೆ ನೀರಿಗೇ ತಡೆಯಲೆಂದು ಅಪ್ಪ ಸರಳನ್ನು ಕೊಂಚ ಕೆಳಕ್ಕೆ ಬಗ್ಗಿಸಿದರು. ಅಕ್ಕನೂ ಸೇರಿ ಮೂವರೂ ಉಸಿರು ಹಿಡಿದು ಕೇಳಿದೆವು. ಸದ್ದಿಲ್ಲ.

"ಈಗ ಎಳಿ ಕಣ್ಣು, ನಿನ್ ಆಸೆ ತೀರೋವರ್ಗೂ ಎಳಿ."

"ಅಪ್ಪಾ, ನೀರು ಹೊರೋದು ನಾನು" ಎಂದಳು ಅಕ್ಕ.

ಮೊಮ್ಮಕ್ಕಳೇ, ಹೋದ ವಾರ ತುಡಿಯಲೂರಿನ ನಿಮ್ಮ ಮನೆಯಲ್ಲಿ ಹೊಸ ಟಾಯ್ಲೆಟ್ ಕೂರಿಸಿದಾಗ ನಾನು ಟಿವಿ, ಫ್ಯಾನು, ಮಿಕ್ಸಿ ಎಲ್ಲ ನಿಲ್ಲಿಸಿ ಎಂದದ್ದಕ್ಕೆ ನೀವು ನಕ್ಕಿರಿ. ಯಾಕೆಂದು ಈಗ ತಿಳಿಯಿತಲ್ಲ. ನಿಮ್ಮಲ್ಲಿ ಚಿಕ್ಕವಳು ಬಿಳಿ ತೊಟ್ಟಿಗೆ ಕಿವಿಯಿಟ್ಟು, "ನಿಂತೋಯ್ತು ಅಜ್ಜಿ" ಎಂದಳು. ಆಮೇಲೆ ಮೆಲ್ಲಗೆ, "ಇನ್ನೊಂದ್ ಸಲ ಒತ್ಲಾ?" ಎಂದಳು.

ಒತ್ತು ಎಂದೆ. ನಿಮ್ಮದು ನಲ್ಲಿ ನೀರು; ಕೊಡ ಹೊತ್ತು ಗೊಣಗಲು ಅಕ್ಕ ಇರಲಿಲ್ಲವಲ್ಲ.