ರಾಜಕುಮಾರಿಗೆ ಮಾತು ಬರೆದವಳು

ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವುದು ಅವಳ ಕೆಲಸ. ಹೊಲಿಗೆಯಂತ್ರದ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ಕಚೇರಿ. ಒಂದು ಉದ್ದ ಮೇಜು, ಒರೆಸಿ ಒರೆಸಿ ಬೂದಿಬಣ್ಣಕ್ಕೆ ತಿರುಗಿದ ಬಿಳಿ ಹಲಗೆ, ತಿರುಗಿದರೆ ಕಾಗದವನ್ನಷ್ಟೇ ಹಾರಿಸುವ ಫ್ಯಾನು. ಅಲ್ಲಿ ಎಲ್ಲರೂ ಅವಳನ್ನು ಮಾತಿನಮ್ಮ ಎಂದು ಕರೆಯುತ್ತಿದ್ದರು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವಂಥ ಹೆಂಗಸಿಗೆ ಇಟ್ಟ ಹೆಸರು ಅದು. ಅವಳೂ ನಕ್ಕು ಒಪ್ಪಿಕೊಂಡಿದ್ದಳು.

ಆಗ ಅವಳ ಕೈಯಲ್ಲಿದ್ದದ್ದು ಒಂದು ಮಾಯಾಲೋಕದ ಕಥೆ. ಸರೋವರದ ತಳದಲ್ಲೊಂದು ರಾಜ್ಯ. ಆ ರಾಜ್ಯದ ರಾಜಕುಮಾರಿಗೆ ಕಲ್ಲುಗಳು ಆಡುವ ಮಾತು ಕೇಳಿಸುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಮೊದಲ ನೂರಿಪ್ಪತ್ತು ಕಂತುಗಳಲ್ಲಿ ರಾಜಕುಮಾರಿ ಅತ್ತಳು, ಮೂರ್ಛೆ ಹೋದಳು, ಎದ್ದು ಮತ್ತೆ ಅತ್ತಳು. ನೋಡುವವರು ಕಡಿಮೆಯಾದರು. ಒಂದು ದಿನ ನಿರ್ದೇಶಕ ಮೇಜಿನ ಮೇಲೆ ಪೆನ್ನು ಎಸೆದು ಕೂತ.

"ಮೊದಲ ಕಂತಲ್ಲಿ ಹೇಗೆ ಅಳ್ತಿದ್ಲೋ ಇವತ್ತೂ ಹಾಗೇ ಅಳ್ತಿದ್ದಾಳೆ. ಅವಳು ಬೆಳೀಬೇಕು. ಒಳಗಿಂದ ಬೆಳೀಬೇಕು."

ಕಥೆ ಹೆಣೆಯುವವರು ಸೇರಿ ದಾರಿಯನ್ನೇನೋ ಕಂಡುಕೊಂಡರು. ರಾಜಕುಮಾರಿಯ ಗಂಡನಾದ ಸೇನಾಪತಿ ಅವಳನ್ನು ಬಿಟ್ಟು ಮೇಲಿನ ಲೋಕಕ್ಕೆ ಹೋಗುತ್ತಾನೆ. ಅಲ್ಲಿಂದ ಮುಂದೆ ಅವಳು ಬದಲಾಗುತ್ತಾಳೆ. ಹೇಗೆ ಬದಲಾಗುತ್ತಾಳೆ, ಬಿಟ್ಟುಹೋದ ಮಾರನೆಯ ಬೆಳಿಗ್ಗೆ ಏನು ಮಾಡುತ್ತಾಳೆ, ಏನು ಹೇಳುತ್ತಾಳೆ ಎಂಬುದನ್ನು ಮಾತಿನಮ್ಮನ ತಲೆಗೆ ಕಟ್ಟಿ ಎಲ್ಲರೂ ಕೈ ತೊಳೆದುಕೊಂಡರು.

ಅವಳಿಗೆ ಮದುವೆಯಾಗಿರಲಿಲ್ಲ. ಬಿಟ್ಟುಹೋಗುವವರು ಯಾರೂ ಇರಲಿಲ್ಲ. ಆದರೆ ಅಕ್ಕ ಇದ್ದಳು.

ಅಕ್ಕ ಅವಳಿಗಿಂತ ಹನ್ನೆರಡು ವರ್ಷ ದೊಡ್ಡವಳು. ಇವಳಿಗೆ ಆರು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಿದ್ದಳು. ತಲೆ ಬಾಚಿದ್ದು, ಅಕ್ಷರ ತಿದ್ದಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು ಎಲ್ಲ ಅಕ್ಕನೇ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ದುಪ್ಪಟಿ ಮಡಚುವ ಕೆಲಸ ಅವಳದು. ಹಬೆಯ ಬಿಸಿಗೆ ಅವಳ ಬೆರಳ ತುದಿಗಳು ಸದಾ ಸುಕ್ಕುಗಟ್ಟಿರುತ್ತಿದ್ದವು. ಪಂಪ್‌ಸೆಟ್ ಮಾರುವ ಕಂಪನಿಯಲ್ಲಿದ್ದ ಭಾವ ಒಂದು ಗುರುವಾರ ಊಟ ಮಾಡಿ, ಗಡಿಯಾರ ರಿಪೇರಿಗೆ ಕೊಟ್ಟು ಬರುತ್ತೇನೆಂದು ಹೋದವನು ಬರಲಿಲ್ಲ. ಬೇರೆ ಊರಿನಲ್ಲಿ ಬೇರೆ ಹೆಂಗಸಿನ ಜೊತೆ ಇದ್ದಾನೆಂದು ಆಮೇಲೆ ಗೊತ್ತಾಯಿತು.

ಅಕ್ಕ ಅಳಲಿಲ್ಲ. ವಿಷಯ ತಿಳಿದ ಮರುದಿನ ಬೆಳಿಗ್ಗೆ ಸ್ಕ್ರೂಡ್ರೈವರ್ ತಂದು, ಬಾಗಿಲ ಮೇಲಿದ್ದ ಗಂಡನ ಹೆಸರಿನ ಫಲಕವನ್ನು ಬಿಚ್ಚಿದಳು. ಉಳಿದ ನಾಲ್ಕು ತೂತುಗಳಿಗೆ ಒದ್ದೆ ಸೋಪು ತುಂಬಿ ಹೆಬ್ಬೆರಳಿನಿಂದ ನುಣ್ಣಗೆ ಸವರಿದಳು. ಕೈ ತೊಳೆದು ಕೆಲಸಕ್ಕೆ ಹೋದಳು. ತಂಗಿ ಮೆಟ್ಟಿಲ ಮೇಲೆ ನಿಂತು ಅದನ್ನು ನೋಡಿದ್ದಳು. ತಿಂಗಳ ನಂತರ ಈರುಳ್ಳಿ ಹೆಚ್ಚುತ್ತಾ ಅಕ್ಕ ಒಂದೇ ಒಂದು ಸಲ ಬಾಯಿಬಿಟ್ಟಿದ್ದಳು: "ಹೋಗಿದ್ದಕ್ಕಲ್ಲ ಕಣೇ ಸಿಟ್ಟು. ಹೋಗೋ ದಿನಾನೂ ಊಟ ಚೆನ್ನಾಗಿದೆ ಅಂದ್ರಲ್ಲ, ಅದಕ್ಕೆ."

ಇದೆಲ್ಲ ಆಗಿ ಒಂಬತ್ತು ವರ್ಷ ಕಳೆದಿತ್ತು. ಮಾತಿನಮ್ಮ ಬರೆಯಲು ಕೂತಾಗ ಬೇರೇನೂ ನೆನಪಾಗಲಿಲ್ಲ.

ಧಾರಾವಾಹಿಯಲ್ಲಿ ರಾಜಕುಮಾರಿ ಉಳಿ ಹಿಡಿದು ಅರಮನೆಯ ಬಾಗಿಲಲ್ಲಿ ಕೊರೆದಿದ್ದ ಸೇನಾಪತಿಯ ಹೆಸರನ್ನು ಕೆತ್ತಿ ತೆಗೆದಳು. ಉಳಿದ ಗುಳಿಗಳಿಗೆ ಮೇಣ ತುಂಬಿ ಹೆಬ್ಬೆರಳಿನಿಂದ ಸವರಿದಳು. ಯಾಕೆ ಅಳುತ್ತಿಲ್ಲ ಎಂದು ಕಲ್ಲುಗಳು ಕೇಳಿದವು. ಅದಕ್ಕೆ ರಾಜಕುಮಾರಿ ಅಕ್ಕನ ಮಾತನ್ನೇ ಹೇಳಿದಳು. ಕಣ್ಣಿಗೆ ಗ್ಲಿಸರಿನ್ ಹಾಕದೆ ಒಂದು ಹನಿ ತರಲಾರಳು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದ ನಟಿ ಅವತ್ತು ಒಣಗಣ್ಣಲ್ಲೇ ಅದನ್ನು ಹೇಳಿ ಚಿತ್ರೀಕರಣದ ಜಾಗವನ್ನು ಗಪ್‌ಚಿಪ್ ಮಾಡಿದಳು. ಆ ವಾರ ಬಸ್ಸಿನಲ್ಲಿ ಇಬ್ಬರು ಹೆಂಗಸರು ಆ ಮಾತನ್ನು ಹೇಳಿಕೊಳ್ಳುವುದನ್ನು ಮಾತಿನಮ್ಮ ಹಿಂದಿನ ಸೀಟಿನಲ್ಲಿ ಕೂತು ಕೇಳಿದಳು. ಅವಳಿಗೆ ಹೆಮ್ಮೆಯಾಯಿತು. ಬೇರೇನೂ ಆಗಲಿಲ್ಲ.

ಭಾನುವಾರ ಎಂದಿನಂತೆ ಅಕ್ಕನ ಮನೆಗೆ ಹೋದಳು. ತಂಗಿ ಬರೆದದ್ದೆಂದು ಅಕ್ಕ ಒಂದು ಕಂತೂ ಬಿಡದೆ ನೋಡುತ್ತಿದ್ದಳು. ಜೊತೆಯಲ್ಲಿ ಕೆಲಸ ಮಾಡುವವರಿಗೂ ನೋಡಲು ಹೇಳುತ್ತಿದ್ದಳು. ಅವತ್ತು ಟೀ ಕೊಟ್ಟು ಎದುರಿಗೆ ಕೂತಳು.

"ಚೆನ್ನಾಗಿತ್ತು," ಎಂದಳು. "ಅವತ್ತು ಮೆಟ್ಟಿಲ ಮೇಲೆ ಯಾರೋ ನಿಂತಿದ್ದಾರೆ ಅಂತ ಗೊತ್ತಿತ್ತು ನನಗೆ. ಪರವಾಗಿಲ್ಲ, ನಮ್ಮವಳು ಅಂದ್ಕೊಂಡಿದ್ದೆ."

ಅದು ನೀನೆಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ತಂಗಿ ಸಮಜಾಯಿಷಿ ಕೊಟ್ಟಳು.

"ನನಗೆ ಗೊತ್ತಾಯ್ತಲ್ಲ," ಎಂದಳು ಅಕ್ಕ.

ಇನ್ನು ಮುಂದೆ ಹಾಗೆ ಮಾಡುವುದಿಲ್ಲ ಎಂದು ತಂಗಿ ಮಾತು ಕೊಟ್ಟಳು. ಆದರೆ ಸೋಮವಾರ ಕಚೇರಿಗೆ ಹೋದರೆ ರಾಜಕುಮಾರಿ ಇನ್ನೂ ಬೆಳೆಯಬೇಕಿತ್ತು. ಗಂಡ ಬಿಟ್ಟುಹೋದ ಅಂಗಿಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿ ಅಕ್ಕ ಆಸ್ಪತ್ರೆಯ ಗುರುತಿಲ್ಲದ ರೋಗಿಗಳಿಗೆ ಹಂಚಿದ್ದು ಸೇನಾಪತಿಯ ಕವಚಗಳಾಗಿ ಬಂತು. ವರ್ಷದ ಮೇಲೆ ಯಾವುದೋ ಸಣ್ಣ ತಮಾಷೆಗೆ ನಕ್ಕುಬಿಟ್ಟು, ನಕ್ಕೆನಲ್ಲ ಎಂದು ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದದ್ದೂ ಬಂತು. ಒಂದೊಂದನ್ನು ಬರೆಯುವಾಗಲೂ ಇದೇ ಕೊನೆಯದು ಎಂದುಕೊಳ್ಳುತ್ತಿದ್ದಳು. ಅತ್ತ ಭಾನುವಾರಗಳಲ್ಲಿ ಅಕ್ಕ ನಲ್ಲಿಯ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಪಕ್ಕದ ಮನೆಯವರು ಯಾವ ಬಣ್ಣ ಹೊಡೆಸಿದರು ಎಂಬುದನ್ನು ಮಾತ್ರ ಮಾತಾಡತೊಡಗಿದಳು. ಹೇಗಿದ್ದೀಯ ಎಂದರೆ ಚೆನ್ನಾಗಿದ್ದೀನಿ ಎನ್ನುವಳು.

ಆರು ತಿಂಗಳಾದ ಮೇಲೆ ವಾಹಿನಿಯವರು ಹೊಸ ವರಾತ ಹಚ್ಚಿದರು. ಸೇನಾಪತಿ ಹಿಂದಿರುಗಬೇಕು, ರಾಜಕುಮಾರಿ ಕ್ಷಮಿಸಬೇಕು. ಕ್ಷಮಿಸದಿದ್ದರೆ ಅವಳು ಪೂರ್ತಿ ಬೆಳೆದಂತಲ್ಲ. ಮಾತಿನಮ್ಮನಿಗೆ ಅಲ್ಲಿ ಕೈ ಕಟ್ಟಿಹೋಯಿತು. ಕೊನೆಗೆ ನಾಚಿಕೆ ಬಿಟ್ಟು ಅಕ್ಕನನ್ನೇ ಕೇಳಿದಳು: ಭಾವ ವಾಪಸು ಬಂದರೆ ನೀನು ಏನು ಹೇಳುತ್ತೀಯ?

"ಅದನ್ನ ನೀನೇ ಬರಿ," ಎಂದು ಅಕ್ಕ ಎದ್ದು ಒಳಗೆ ಹೋದಳು.

ಅವಳು ಬರೆದಳು. ಮೂರು ದಿನ ತೆಗೆದುಕೊಂಡು, ಯಾರಿಂದಲೂ ಏನನ್ನೂ ಕದಿಯದೆ ಬರೆದಳು. "ನೀನು ಬಿಟ್ಟುಹೋದ ದಿನದಿಂದ ನಾನು ಎರಡು ಪಟ್ಟು ಬೆಳೆದಿದ್ದೇನೆ. ನಿನ್ನ ತಪ್ಪು ಹಿಡಿಸುವಷ್ಟು ಜಾಗ ಈಗ ನನ್ನೊಳಗಿದೆ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಒಳಗೆ ಬಾ." ನಿರ್ದೇಶಕ ಕನ್ನಡಕ ತೆಗೆದು ಒರೆಸಿಕೊಂಡ. ಇಡೀ ಧಾರಾವಾಹಿಯಲ್ಲಿ ಜನ ಅತಿ ಹೆಚ್ಚು ಮೆಚ್ಚಿದ್ದು ಆ ಕಂತನ್ನು.

ಅದಾಗಿ ಎರಡು ವಾರಕ್ಕೆ, ಒಂದು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಭಾವ. ಕೈಯಲ್ಲಿ ಬಟ್ಟೆಯ ಚೀಲ. ಇಳಿದುಹೋಗಿದ್ದ, ಮುಂದಿನ ಎರಡು ಹಲ್ಲು ಇರಲಿಲ್ಲ. ಅವಳ ವಿಳಾಸವಿದ್ದ ಚೀಟಿಯನ್ನು ಮುಂದೆ ಹಿಡಿದ. ಅಕ್ಕನ ಗುಂಡು ಅಕ್ಷರ.

"ಮೊದಲು ಅಲ್ಲಿಗೇ ಹೋಗಿದ್ದೆ," ಎಂದ. "ಹೊಟ್ಟೆಗೆ ಹಾಕಿಕೊಂಡೋಳು ನಾನಲ್ಲ, ನನ್ನ ತಂಗಿ, ಅಲ್ಲಿಗೆ ಹೋಗಿ ಅಂತ ಇದನ್ನ ಬರೆದುಕೊಟ್ಲು."

ಏನೂ ತೋಚದೆ ಅವಳು ಅವನನ್ನು ಒಳಗೆ ಕರೆದು ಕೂರಿಸಿದಳು. ಅವನು ತಾನಾಗಿಯೇ ಹೇಳಿಕೊಂಡ. ಜೊತೆಗಿದ್ದ ಹೆಂಗಸು ಮಗನ ಮನೆಗೆ ಹೊರಟುಹೋಗಿದ್ದಳು. ಒಬ್ಬನೇ ಟಿವಿ ನೋಡುತ್ತಿದ್ದಾಗ, ಊಟ ಚೆನ್ನಾಗಿದೆ ಎಂಬ ಮಾತು ಕಿವಿಗೆ ಬಿದ್ದಿತ್ತು. ಕಂತಿನ ಕೊನೆಯಲ್ಲಿ ಸಂಭಾಷಣೆ ಬರೆದವರೆಂದು ನಾದಿನಿಯ ಹೆಸರು ಕಂಡಿತ್ತು. ಅಲ್ಲಿಂದ ದಿನವೂ ನೋಡಿದ. ಕ್ಷಮಿಸಿದ ಕಂತು ಬಂದಾಗ, ಹೆಂಡತಿ ತಂಗಿಯ ಕೈಲಿ ಹೇಳಿಕಳಿಸಿದ್ದಾಳೆ ಎಂದೇ ತಿಳಿದ. ರಾಜಕುಮಾರಿಯ ಆ ಮಾತನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಹಲ್ಲಿಲ್ಲದ ಬಾಯಲ್ಲಿ ಅದು ಬೇರೆಯೇ ಕೇಳಿಸಿತು.

"ನೀನೇ ಬರೆದಿದ್ದಲ್ವಾ?"

"ಹೌದು."

"ಹಾಗಾದ್ರೆ ಅದು ಸುಳ್ಳಾ?"

ಅವಳು ಒಳಗೆ ಹೋಗಿ ಟೀ ಮಾಡಿ ತಂದುಕೊಟ್ಟಳು. ಕರುಣೆಯಾದರೂ ಬರಬಹುದೆಂದು ಕಾದು ನೋಡಿದಳು. ಅವನು ಒಂದು ಗುಟುಕು ಕುಡಿದು ಟೀ ಚೆನ್ನಾಗಿದೆ ಎಂದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಬಾಗಿಲು ತೆರೆದು ಹಿಡಿದುಕೊಂಡು ನಿಂತಳು. ಅವನು ಕಪ್ಪನ್ನು ಕೆಳಗಿಟ್ಟು, ಚೀಲ ಎತ್ತಿಕೊಂಡು ಹೊರಟ. ಕೆಳಗಿನ ಮಹಡಿಯವರು ಆಮೇಲೆ ಹೇಳಿದರು, ಯಾರೋ ಮುದುಕರು ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತಿದ್ದರೆಂದು.

ಆ ಸಂಜೆ ಅವಳು ಅಕ್ಕನ ಮನೆಗೆ ಹೋದಳು. ನನ್ನ ಮನೆಗೆ ಯಾಕೆ ಕಳಿಸಿದೆ ಎಂದು ಏರುದನಿಯಲ್ಲಿ ಕೇಳಿದಳು. ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು; ನಿಲ್ಲಿಸಲಿಲ್ಲ.

"ಮತ್ತೆ ಎಲ್ಲಿಗೆ ಕಳಿಸ್ಲಿ? ಒಳಗೆ ಬಾ ಅಂತ ಕರೆದೋಳು ನೀನು."

"ಅದು ಕಥೆ ಅಕ್ಕ."

"ಒಂಬತ್ತು ವರ್ಷ ಆ ಮನುಷ್ಯನಿಗೆ ಬಾಗಿಲು ತೆರೆದಿರಲಿಲ್ಲ ನಾನು. ಬೈಯೋದಕ್ಕೂ ತೆರೆದಿರಲಿಲ್ಲ. ಇವತ್ತು ತೆರೆಯೋ ಹಾಗೆ ಮಾಡಿದೆ." ತೋಳಿನ ಮೇಲಿದ್ದ ಟವೆಲನ್ನು ಮೂರು ಮಡಿಕೆ ಮಾಡಿ ಇಟ್ಟಳು. "ನಿನ್ನ ರಾಜಕುಮಾರಿ ಎಷ್ಟು ಬೆಳೆದ್ಲು ಅಂತ ನಮ್ಮ ಕೆಲಸದೋರೆಲ್ಲ ಹೊಗಳ್ತಾರೆ. ನಾನು ಬೆಳೆದಿಲ್ಲ. ನಾನು ಇನ್ನೂ ಅಲ್ಲೇ ಇದ್ದೀನಿ. ಅಲ್ಲೇ ಇರೋದಕ್ಕೂ ಬಿಡಲಿಲ್ಲ ನೀನು."

ತಂಗಿ ತಪ್ಪಾಯಿತು ಎಂದಳು. ಅಕ್ಕ ಇನ್ನೊಂದು ಟವೆಲು ಎತ್ತಿಕೊಂಡಳು.

ಧಾರಾವಾಹಿ ನಾನೂರಹತ್ತನೇ ಕಂತಿಗೆ ಮುಗಿಯಿತು. ನಟಿಗೆ ಪ್ರಶಸ್ತಿ ಬಂತು. ಈ ಪಾತ್ರದಿಂದ ಕ್ಷಮೆ ಎಂದರೇನೆಂದು ಕಲಿತೆ ಎಂದು ವೇದಿಕೆಯಲ್ಲಿ ಹೇಳಿದಳು. ಮಾತಿನಮ್ಮನಿಗೆ ಮುಂದಿನ ಧಾರಾವಾಹಿ ಸಿಕ್ಕಿತು. ನಾಲ್ಕು ತಿಂಗಳಿಗೆ ಕೈಬಿಟ್ಟೂ ಹೋಯಿತು. ಪಾತ್ರಗಳೆಲ್ಲ ಮರದ ಗೊಂಬೆಗಳ ಹಾಗೆ ಮಾತಾಡುತ್ತವೆ ಎಂದರು. ಸುಳ್ಳಲ್ಲ. ಯಾರ ಮುಖ ನೆನಪಿಗೆ ಬಂದರೂ ಅವಳ ಪೆನ್ನು ನಿಲ್ಲುತ್ತಿತ್ತು. ಈಗ ದೂರವಾಣಿ ಕಂಪನಿಗಳಿಗೆ, ಲಿಫ್ಟುಗಳಿಗೆ ಧ್ವನಿಸಂದೇಶ ಬರೆದುಕೊಡುತ್ತಾಳೆ. ದಯವಿಟ್ಟು ಕಾಯಿರಿ. ಬಾಗಿಲಿನಿಂದ ದೂರ ಸರಿಯಿರಿ.

ಭಾನುವಾರದ ಭೇಟಿ ತಿಂಗಳಿಗೊಂದಾಯಿತು, ಆಮೇಲೆ ಅದೂ ತಪ್ಪಿತು. ಅಕ್ಕನ ಕಣ್ಣಿಗೆ ಶಸ್ತ್ರಚಿಕಿತ್ಸೆಯಾದದ್ದು ಅವಳಿಗೆ ಗೊತ್ತಾದದ್ದು ಹತ್ತು ದಿನ ತಡವಾಗಿ, ಅದೂ ಅಕ್ಕನ ಜೊತೆ ಕೆಲಸ ಮಾಡುತ್ತಿದ್ದವಳು ಅಂಗಡಿಯಲ್ಲಿ ಸಿಕ್ಕಿ ಹೇಳಿದಾಗ. ಓಡಿಹೋದಳು. ಅಕ್ಕ ಒಂದು ಕಣ್ಣಿಗೆ ಹಸಿರು ಬಟ್ಟೆಯ ಮುಚ್ಚಳ ಕಟ್ಟಿಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಬಂದವಳನ್ನು ಕೂರಲು ಹೇಳಿದಳು. ಹೇಳಿಕಳಿಸಬಾರದಿತ್ತೇ ಎಂದರೆ, ಸಣ್ಣ ವಿಷಯ, ನಿನಗೆ ಯಾಕೆ ತೊಂದರೆ ಎಂದಳು. ಔಷಧಿಯ ಹನಿ ಹಾಕುವ ಹೊತ್ತಾಗಿತ್ತು. ತಂಗಿ ಹಾಕುತ್ತೇನೆಂದಾಗ ಬೇಡವೆನ್ನಲಿಲ್ಲ.

ಮುಚ್ಚಳ ಬಿಚ್ಚಿ ಮೊದಲ ಹನಿ ಬಿಟ್ಟಾಗ ನೋವಾಯಿತೇ ಎಂದು ತಂಗಿ ಕೇಳಿದಳು. ಇಲ್ಲ ಎಂದಳು ಅಕ್ಕ. ಆದರೆ ಅವಳ ಬಲಗೈ ಕುರ್ಚಿಯ ಹಿಡಿಯನ್ನು ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿತ್ತು. ತಂಗಿ ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅಕ್ಕ ತನ್ನ ಇನ್ನೊಂದು ಕಣ್ಣಲ್ಲಿ ನೋಡಿದಳು, ಮತ್ತು ಕೈಯನ್ನು ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು.